ಕೋಲು ನೆಟ್ಟಗಿದೆಯೇ?

ಹಳೆಯ ಸಾಮಾನು ಕೊಳ್ಳುವುದೂ ಒಂದು ವಿದ್ಯೆ. ಅದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಹಳೆಯ ಜರಿ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುತ್ತಿದ್ದ ನಮ್ಮ ತಾಯಂದಿರು ವ್ಯಾಪಾರಕ್ಕೆ ಕೂತರೆ ಮಧ್ಯಾಹ್ನವೇ ಸಾಲುತ್ತಿರಲಿಲ್ಲ. ಪಾತ್ರೆಯನ್ನು ತಟ್ಟಿ ಸದ್ದು ಕೇಳಬೇಕು, ತಳ ನೆಲಕ್ಕೆ ಸರಿಯಾಗಿ ಕೂರುತ್ತದೆಯೇ ನೋಡಬೇಕು, ಅಂಚಿನ ಸುತ್ತ ಬೆರಳಾಡಿಸಬೇಕು. ಬೆಲೆಯ ಮಾತು ಎಲ್ಲಕ್ಕಿಂತ ಕೊನೆಗೆ. ಐವತ್ತು ದಾಟಿದ ಮೇಲೆ ನಾನೂ ಈ ವಿದ್ಯೆಯನ್ನು ಪ್ರಯೋಗಿಸಬೇಕಾಗಿ ಬಂತು. ಪಾತ್ರೆಯ ಮೇಲಲ್ಲ, ಒಂದು ಕ್ಯೂ ಮೇಲೆ!

ಕ್ಯೂ ಎಂದರೆ ನನಗೆ ಗೊತ್ತಿದ್ದದ್ದು ರೇಷನ್ ಅಂಗಡಿಯ ಮುಂದಿನದು. ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಆಡುವ ಕೋಲಿಗೂ ಅದೇ ಹೆಸರಂತೆ. ಬೆಂಗಳೂರಿನಲ್ಲಿ ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದ ನನ್ನ ತಂಗಿಯ ಮಗಳಿಗೆ ಪೂಲ್ ಆಟದ ಹುಚ್ಚು ಹಿಡಿದಿತ್ತು. ಊರು ಬಿಟ್ಟು ಕೆಲಸಕ್ಕೆ ಹೊರಟಿದ್ದ ಒಬ್ಬ ಆಟಗಾರ ತನ್ನ ಕೋಲನ್ನು 18,000 ರೂಪಾಯಿಗೆ ಮಾರುತ್ತಿದ್ದ. ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ಹಣದಲ್ಲಿ ಇವಳು ಅದನ್ನು ಕೊಳ್ಳುವವಳು.

ತಂಗಿ ಫೋನಿನಲ್ಲಿ ಅಳುವುದೊಂದು ಬಾಕಿ. "ಅಕ್ಕಾ, ದುಡ್ಡು ಹೋದ್ರೆ ಹೋಗ್ಲಿ, ಅದು ಅವಳದೇ. ಆದ್ರೆ ಅಲ್ಲಿ ಬರೀ ಗಂಡುಹುಡುಗ್ರೇ ಇರ್ತಾರಂತೆ. ಈ ಒಂದು ಕೋಲಲ್ಲಿ ಮೋಸ ಹೋದಳೋ, ಆಟಾನೂ ಬೇಡ, ಆ ಊರೂ ಬೇಡ. ಪರೀಕ್ಷೆ ಮುಗಿಸಿ ಮನೆಗೆ ಬರ್ಲಿ."

ಆಟದ ಬಗ್ಗೆ ನಾನು ಓದಿ ತಿಳಿದದ್ದನ್ನು ಅವಳಿಗೆ ಹೇಳಿದೆ. ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲೇ, 1875ರಲ್ಲಿ ಜಬಲ್‌ಪುರದ ಸೇನಾ ಶಿಬಿರದಲ್ಲಿ. ಅದರ ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು ನಮ್ಮ ಮೈಸೂರಿಗೆ ಹತ್ತಿರದ ಊಟಿಯ ಕ್ಲಬ್ಬಿನಲ್ಲಿ. ಬೆಂಗಳೂರಿನಲ್ಲಿ ಆಡಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ ಸ್ನೂಕರ್‌ನ ವಿಶ್ವ ಅಮೆಚೂರ್ ಪ್ರಶಸ್ತಿ ಗೆದ್ದವರು. ಗಂಡಸರ ಮಾತು ಬಿಡು, ನಮ್ಮ ಬೆಂಗಳೂರಿನ ಉಮಾದೇವಿ ನಾಗರಾಜ್ ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಆಡಿ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ದೊಡ್ಡವರು ಬಿಡು. ನೀನು ಆ ಕೋಲು ನೋಡ್ಕೊಂಡು ಬಾ" ಎಂದಳು.

ಹೀಗಾಗಿ ಆ ಕೋಲು ಸರಿಯಿರಬೇಕಾದದ್ದು ಆಟಕ್ಕಷ್ಟೇ ಅಲ್ಲ, ಹುಡುಗಿಯ ಮುಂದಿನ ದಾರಿಗೂ ಬೇಕಾಗಿತ್ತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರನ್ನು ಕೇಳಿ ವರ್ನಿಯರ್ ಕ್ಯಾಲಿಪರ್ಸನ್ನೂ ಒಂದು ಭೂತಗನ್ನಡಿಯನ್ನೂ ಎರಡು ದಿನಕ್ಕೆ ಕಡ ತೆಗೆದುಕೊಂಡು ಬಸ್ಸು ಹತ್ತಿದೆ. ಕೋಲಿನ ಬಗ್ಗೆ ಹುಡುಗಿ ಮೊದಲೇ ಸಾಕಷ್ಟು ತಿಳಿದುಕೊಂಡಿದ್ದಳು. ಇಬ್ಬರೂ ಕೂತು ನೋಟ್‌ಬುಕ್ಕಿನ ಹಾಳೆಯನ್ನು ಮಡಚಿ ಎರಡು ಭಾಗ ಮಾಡಿದೆವು. ಒಂದು ಕಡೆ ದುಡ್ಡು ಕೊಟ್ಟರೆ ಸರಿಯಾಗುವ ದೋಷಗಳು, ಇನ್ನೊಂದು ಕಡೆ ಎಷ್ಟು ಕೊಟ್ಟರೂ ಸರಿಯಾಗದವು. ಹಳೆಯ ವಸ್ತುವಿನ ಬೆಲೆ ಕಟ್ಟುವ ಗುಟ್ಟೆಲ್ಲ ಈ ಮಡಿಕೆಯಲ್ಲಿದೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕೋಲಿನ ತುದಿಯಲ್ಲಿ ಚೆಂಡಿಗೆ ತಾಗುವ ಚರ್ಮದ ಬಿಲ್ಲೆ ಇರುತ್ತದೆ. ಅದು ಸವೆಯುವುದೇ ಅದರ ಧರ್ಮ, ಸುಲಭವಾಗಿ ಬದಲಾಯಿಸಬಹುದು. ಅದರ ಕೆಳಗಿನ ಬಿಳಿ ಬಳೆ ಬಿರುಕು ಬಿಟ್ಟಿದ್ದರೆ ಅದನ್ನೂ ಹೊಸದಾಗಿ ಹಾಕಿಸಬಹುದು. ಹಿಡಿಯುವಲ್ಲಿ ಸುತ್ತಿದ ನೂಲು ಕೊಳೆಯಾಗಿದ್ದರೆ ಬೇರೆ ಸುತ್ತಿಸಿದರಾಯಿತು. ಮರದ ಮೇಲಿನ ಸಣ್ಣ ತಗ್ಗು ತೇವಕ್ಕೆ ಉಬ್ಬಿ ಮೇಲೆ ಬರುತ್ತದೆ. ಇವೆಲ್ಲ ಚೌಕಾಸಿಗೆ ಒದಗುವ ದೋಷಗಳು. ಆದರೆ ಮರ ಬಾಗಿದ್ದರೆ? ನೆಟ್ಟಗೆ ಮಾಡಿಕೊಡುತ್ತೇನೆ ಎನ್ನುವವರಿದ್ದಾರೆ, ಹಾಗೇ ನಿಲ್ಲುತ್ತದೆ ಎನ್ನುವ ಭರವಸೆ ಇಲ್ಲ. ಎರಡು ತುಂಡು ಜೋಡಿಸುವ ತಿರುಪಿನ ಬಳಿ ಮರ ಸೀಳಿದ್ದರೆ ಮಾತೇ ಬೇಡ, ಎದ್ದು ಬರುವುದೇ ಸರಿ.

ಮಾರುವ ಹುಡುಗ ಸಭ್ಯ. "ಬನ್ನಿ ಆಂಟಿ" ಎಂದು ಕುರ್ಚಿ ಹಾಕಿದ. ಕೋಲನ್ನು ಪೆಟ್ಟಿಗೆಯಿಂದ ತೆಗೆದಾಗ ನನಗೂ ಕಣ್ಣು ಕೋರೈಸಿತು. ಕಪ್ಪು ಮರ, ಅದರಲ್ಲಿ ಮುತ್ತಿನ ಚಿಪ್ಪಿನಂಥ ಹೊಳೆಯುವ ಹರಳುಗಳು, ಬುಡದಲ್ಲಿ ಅಮೆರಿಕದ ಒಂದು ಕಂಪನಿಯ ಗುರುತು. ಹುಡುಗಿ ಮಾತ್ರ ಅದನ್ನೆಲ್ಲ ನೋಡದೆ ಎರಡೂ ತುಂಡುಗಳನ್ನು ಬೇರೆ ಮಾಡಿ, ನಾವು ಲಟ್ಟಣಿಗೆ ಉರುಳಿಸುವ ಹಾಗೆ ಮೇಜಿನ ಮೇಲೆ ಒಂದೊಂದನ್ನೇ ಉರುಳಿಸಿ, ಬಗ್ಗಿ, ಮರಕ್ಕೂ ಮೇಜಿಗೂ ನಡುವೆ ಬೆಳಕು ಕುಣಿಯುತ್ತದೆಯೇ ಎಂದು ನೋಡಿದಳು. ಆಮೇಲೆ ಜೋಡಿಸಿ ಮತ್ತೆ ಉರುಳಿಸಿದಳು. ಬೇರೆ ಬೇರೆ ಇದ್ದಾಗ ನೆಟ್ಟಗಿದ್ದು, ಸೇರಿದಾಗ ಓಲಾಡಿದರೆ ದೋಷ ಜೋಡಣೆಯಲ್ಲಿದೆ ಎಂದರ್ಥ. (ಕೆಲವು ಸಂಸಾರಗಳೂ ಹಾಗೇ ಅಲ್ಲವೇ!) ಕೋಲನ್ನು ಸಡಿಲವಾಗಿ ಹಿಡಿದು ಬುಡವನ್ನು ಮೆಲ್ಲಗೆ ನೆಲಕ್ಕೆ ತಟ್ಟಿದಳು. ಝುಂಯ್ ಎಂದರೆ ಒಳಗೆ ಎಲ್ಲೋ ಸಡಿಲವಿದೆ. ಸದ್ದು ಗಟ್ಟಿಯಾಗಿ ಬಂತು.

ನಾನು ಕ್ಯಾಲಿಪರ್ಸ್ ಕೊಟ್ಟೆ. ಸ್ನೂಕರ್ ಕೋಲಿನ ತುದಿ 9ರಿಂದ 10 ಮಿಲಿಮೀಟರ್, ಪೂಲ್ ಕೋಲಿನದು ಸುಮಾರು 13. ಪಾಲಿಶ್ ಕಾಗದದಿಂದ ಮತ್ತೆಮತ್ತೆ ಉಜ್ಜಿದ ಕೋಲು ಸಣ್ಣಗಾಗಿರುತ್ತದೆ. ಇದು 12.7 ತೋರಿಸಿತು, ಚಿಂತೆಯಿಲ್ಲ. ತೂಕ 19 ಔನ್ಸ್ ಎಂದಿದ್ದ. ಪಕ್ಕದ ಅಂಗಡಿಯ ತಕ್ಕಡಿಯಲ್ಲಿ 540 ಗ್ರಾಂ ಬಂತು, ಮಾತು ಸರಿಯಾಗಿತ್ತು.

ಉಳಿದದ್ದು ಅಲಂಕಾರ. ಭೂತಗನ್ನಡಿ ಹಿಡಿದರೆ ಮುತ್ತಿನ ಚಿಪ್ಪೆಲ್ಲ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳಾಯಿತು, ಕ್ಯಾಲೆಂಡರಿನ ಚಿತ್ರದ ಹಾಗೆ! ಕೆತ್ತಿ ಕೂರಿಸಿದ್ದಲ್ಲ, ಅಚ್ಚು ಹಾಕಿ ಮೇಲೆ ವಾರ್ನಿಷ್ ಬಳಿದದ್ದು. ಮುಂದಿನ ತುಂಡಿನ ಬಳೆಯ ವಿನ್ಯಾಸವೂ ಹಿಂದಿನದಕ್ಕೆ ಹೊಂದುತ್ತಿರಲಿಲ್ಲ. ಎಂದರೆ ಆ ತುಂಡು ಆಮೇಲೆ ಹಾಕಿಸಿದ್ದು. ಆಟಕ್ಕೆ ಇದರಿಂದ ಅಡ್ಡಿಯಿಲ್ಲ. ಆದರೆ ಹೆಸರಿಗಾಗಿ ಕೇಳುವ ಬೆಲೆಗೆ ಆಧಾರ ಉಳಿಯಲಿಲ್ಲ.

ಹೆಸರಿನ ಮೋಸ ದೊಡ್ಡ ದೊಡ್ಡವರನ್ನೂ ಬಿಟ್ಟಿಲ್ಲ. ಅಮೆರಿಕದಲ್ಲಿ ಜಾರ್ಜ್ ಬಾಲಬುಷ್ಕಾ ಎಂಬ ಪ್ರಸಿದ್ಧ ಕೋಲು ತಯಾರಕರಿದ್ದರು, 1975ರಲ್ಲಿ ತೀರಿಕೊಂಡರು. ತಾವು ಮಾಡಿದ ಕೋಲುಗಳಿಗೆಲ್ಲ ಅವರು ಹೆಸರು ಹಾಕಲಿಲ್ಲ. ಆದ್ದರಿಂದ ಅವರದೆಂದು ಹೇಳಿಕೊಂಡ ನಕಲಿ ಕೋಲುಗಳೂ ಹುಟ್ಟಿಕೊಂಡವು. 1986ರ 'ದಿ ಕಲರ್ ಆಫ್ ಮನಿ' ಸಿನಿಮಾದಲ್ಲಿ ನಾಯಕನ ಕೈಗೆ ಬಾಲಬುಷ್ಕಾ ಎಂದು ಕೊಡುವ ಕೋಲು ಕೂಡ ನಿಜಕ್ಕೂ ಜಾಸ್ ಎಂಬ ಬೇರೆ ಕಂಪನಿಯದು! ಇನ್ನೊಂದು ಎಚ್ಚರಿಕೆ: ತೀರಾ ಹಳೆಯ ಕೋಲುಗಳಲ್ಲಿ ದಂತದ ಕೆಲಸ ಇರುವುದುಂಟು. ನಮ್ಮ ದೇಶದಲ್ಲಿ ದಂತದ ವ್ಯಾಪಾರ ಕಾನೂನಿಗೆ ವಿರುದ್ಧ. ಅಂಥದ್ದು ಎಷ್ಟು ಚೆಂದವಿದ್ದರೂ ಮುಟ್ಟಬಾರದು.

ಬೆಲೆಯ ಮಾತಿಗೆ ನಾನು ಬಾಯಿ ತೆರೆಯಲಿಲ್ಲ. ಹುಡುಗಿಯೇ ಹಾಳೆಯನ್ನು ಬಿಚ್ಚಿಟ್ಟಳು. "ಅಣ್ಣ, ಕೋಲು ನೆಟ್ಟಗಿದೆ, ಜೋಡಣೆ ಚೆನ್ನಾಗಿದೆ. ಬಿಲ್ಲೆ ಸವೆದಿದೆ, ನೂಲು ಬದಲಾಯಿಸಬೇಕು. ಇದು ಚಿಪ್ಪಲ್ಲ, ಅಚ್ಚು. ಈ ಶಾಫ್ಟ್ ಬೇರೆಯದು. ಆಡೋ ಕೋಲಿನ ಬೆಲೆ ಕೊಡ್ತೀನಿ, ಹೆಸರಿನ ಬೆಲೆ ಕೊಡಲ್ಲ. 6,000." ಹುಡುಗ ಭೂತಗನ್ನಡಿ ಇಸಕೊಂಡು ತಾನೂ ನೋಡಿದ. ಅವನ ಮುಖ ಬಾಡಿದ್ದು ಕಂಡು ನನಗೇ ಅಯ್ಯೋ ಅನ್ನಿಸಿತು. ಅವನಿಗೂ ಯಾರೋ ಹೆಸರು ಹೇಳಿಯೇ ಮಾರಿದ್ದರಂತೆ. ಕೊನೆಗೆ 7,000ಕ್ಕೆ ಒಪ್ಪಂದವಾಯಿತು. ಅವನೇ ಹೊಸ ಬಿಲ್ಲೆಯೊಂದನ್ನು ಜೊತೆಗೆ ಕೊಟ್ಟ.

ರಾತ್ರಿ ತಂಗಿ ಫೋನಿನಲ್ಲಿ ಲೆಕ್ಕವನ್ನೆಲ್ಲ ಕೇಳಿದಳು. 11,000 ಉಳಿಯಿತು ಎಂದದ್ದಕ್ಕಿಂತ, ಮಗಳು ಒಬ್ಬಳೇ ನಿಂತು ವ್ಯಾಪಾರ ಮುಗಿಸಿದಳು ಎಂದದ್ದು ಅವಳಿಗೆ ಹೆಚ್ಚು ನಾಟಿತು. "ಹಂಗಾದ್ರೆ ಅವಳಿಗೆ ಬುದ್ಧಿ ಇದೆ ಅನ್ನು" ಎಂದಳು. ಊರಿಗೆ ಬಾ ಎನ್ನುವ ಮಾತು ಆಮೇಲೆ ಬರಲಿಲ್ಲ.

ಮಕ್ಕಳು ನಮಗೆ ಗೊತ್ತಿಲ್ಲದ ವಸ್ತುವಿಗೆ ಆಸೆಪಟ್ಟಾಗ ಬೇಡ ಎನ್ನುವುದು ಸುಲಭ. ಜೊತೆಗೆ ಹೋಗಿ, ಆ ವಸ್ತುವನ್ನು ಉರುಳಿಸಿ, ತಟ್ಟಿ, ಬೆಳಕಿಗೆ ಹಿಡಿದು ನೋಡಲು ಒಂದು ದಿನದ ರಜೆ ಸಾಕು. ಹುಡುಗಿ ಈಗ ಕೋಲನ್ನು ಗೋಡೆಗೆ ಒರಗಿಸುವುದಿಲ್ಲ, ಬಿಸಿಲಿಗೆ ಇಡುವುದಿಲ್ಲ. ಎರಡರಿಂದಲೂ ಮರ ಬಾಗುವ ಭಯವಿದೆ. ಆಟ ಮುಗಿದೊಡನೆ ತುಂಡು ಬಿಡಿಸಿ, ಒರೆಸಿ, ಪೆಟ್ಟಿಗೆಯಲ್ಲಿ ಮಲಗಿಸುತ್ತಾಳೆ. ತನ್ನ ಮಂಚದ ಹಾಸಿಗೆ ಮಡಚುವುದನ್ನು ಮಾತ್ರ ಇನ್ನೂ ಕಲಿತಿಲ್ಲ.