ನೀರಿನವರ ಸಮ್ಮೇಳನ ನಮ್ಮಲ್ಲಿ ನಡೆಯಲಿ

ಇಪ್ಪತ್ತೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು 1937ರಲ್ಲಿ, ನಮ್ಮ ಜಮಖಂಡಿಯಲ್ಲಿ. ಆಗ ಇದು ಪಟವರ್ಧನ ಮನೆತನದ ಒಂದು ಸಣ್ಣ ಸಂಸ್ಥಾನ. ದರಬಾರಿನಲ್ಲಿ ಮರಾಠಿ, ಪೇಟೆಯಲ್ಲಿ ಹೊಲದಲ್ಲಿ ಕನ್ನಡ. ರೈಲು ಇರಲಿಲ್ಲ. ಆದರೂ ಕನ್ನಡದ ಬರಹಗಾರರು ಬಂದರು, ಉಳಿದರು, ಉಂಡರು. ಅಧ್ಯಕ್ಷರಾಗಿದ್ದವರು ಬೆಳ್ಳಾವೆ ವೆಂಕಟನಾರಣಪ್ಪನವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು, ‘ವಿಜ್ಞಾನ’ ಎಂಬ ಮಾಸಪತ್ರಿಕೆ ನಡೆಸಿ ವಿಜ್ಞಾನವನ್ನು ಕನ್ನಡಕ್ಕೆ ತಂದವರು, ಅದೇ ಕೈಯಿಂದ ಪಂಪಭಾರತವನ್ನೂ ಸಂಪಾದಿಸಿದವರು. ನಮ್ಮೂರಿಗೆ ಅಧ್ಯಕ್ಷರಾಗಿ ಬಂದವರು ಇಂಥವರು ಎಂಬುದನ್ನು ನೆನೆದಾಗಲೆಲ್ಲ ನನಗೆ ಹಿಗ್ಗು. ಮುಂದೆ 1995ರಲ್ಲಿ ರನ್ನನ ಊರಾದ ಮುಧೋಳದಲ್ಲಿ ಎಚ್. ಎಲ್. ನಾಗೇಗೌಡರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮ್ಮೇಳನವಾಯಿತು. ದೊಡ್ಡ ಸಭೆ ಕರೆಯುವುದು, ಬಂದವರನ್ನು ನೋಡಿಕೊಳ್ಳುವುದು ಈ ಸೀಮೆಗೆ ಹೊಸದಲ್ಲ.

ಈಗ ಇನ್ನೊಂದು ಬಗೆಯ ಸಮ್ಮೇಳನ ಇಲ್ಲಿ ನಡೆಯಬೇಕೆಂಬುದು ನನ್ನ ಆಸೆ. ನೀರಾವರಿ ಎಂಜಿನಿಯರರು, ಮಣ್ಣಿನ ವಿಜ್ಞಾನಿಗಳು, ಕಬ್ಬಿನ ತಳಿ ತಜ್ಞರು ಸೇರುವ ಸಮ್ಮೇಳನ. ಇಂಥವು ಹೆಚ್ಚಾಗಿ ನಡೆಯುವುದು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ, ದೊಡ್ಡ ಹೋಟೆಲುಗಳ ಸಭಾಂಗಣದಲ್ಲಿ. ಅಲ್ಲಿ ಹೊಳೆ ಇರುವುದು ಪರದೆಯ ಮೇಲೆ, ಮಣ್ಣು ಇರುವುದು ಕೋಷ್ಟಕದಲ್ಲಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಾದರೆ ಊಟ ಮುಗಿಸಿ ಒಂದು ತಾಸು ಗಾಡಿಯಲ್ಲಿ ಹೋದರೆ ಸಾಕು, ಬೆಳಿಗ್ಗೆ ಓದಿದ ಪ್ರಬಂಧ ಸರಿಯೋ ತಪ್ಪೋ ಎಂಬುದನ್ನು ನೆಲವೇ ಹೇಳುತ್ತದೆ.

ಮೊದಲು ಕರೆದುಕೊಂಡು ಹೋಗಬೇಕಾದದ್ದು ಚಿಕ್ಕಪಡಸಲಗಿಗೆ. ಕೃಷ್ಣೆ ಮಳೆಗಾಲದಲ್ಲಿ ದಂಡೆ ಮೀರಿ ಹರಿಯುತ್ತಾಳೆ, ಬೇಸಿಗೆ ಬಂತೆಂದರೆ ಉಸುಕಿನ ನಡುವೆ ಮಡುಗಳಷ್ಟೇ ಉಳಿಯುತ್ತವೆ. ದಂಡೆಯ ರೈತರು ಹೊಳೆಯನ್ನು ಕಣ್ಣೆದುರಿಗೇ ಇಟ್ಟುಕೊಂಡು ಬೆಳೆ ಒಣಗಿಸಿಕೊಂಡರು. ಸರಕಾರಕ್ಕೆ ಮನವಿಗಳು ಹೋದವು, ಬ್ಯಾರೇಜು ಬರಲಿಲ್ಲ. ಆಗ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸಂಘ ಕಟ್ಟಿದರು. ತಮ್ಮ ತಮ್ಮೊಳಗೇ ಹಣ ಕೂಡಿಸಿದರು, ಮೈಮುರಿದು ದುಡಿದರು, 1989ರಲ್ಲಿ ಹೊಳೆಗೆ ಅಡ್ಡಲಾಗಿ ಬ್ಯಾರೇಜು ನಿಲ್ಲಿಸಿಯೇ ಬಿಟ್ಟರು. ಹಿಂದೆ ನಿಂತ ನೀರಿಗೆ ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟರು. ಕೆಲಸದ ಬಗೆ ಸರಳ: ಮಳೆಗಾಲದ ರಭಸಕ್ಕೆ ದಾರಿ ಬಿಡಬೇಕು, ಹೊಳೆ ಇಳಿಯುತ್ತಿದ್ದಂತೆ ಗೇಟು ಹಾಕಬೇಕು, ನಿಂತ ನೀರನ್ನು ಬೇಸಿಗೆಯವರೆಗೆ ಕಾಯಬೇಕು. ಕಾಯುವುದೇ ಇದರಲ್ಲಿ ಕಷ್ಟದ ಕೆಲಸ. ಯಾರು ಎಷ್ಟು ಎತ್ತಬೇಕು, ಗೇಟು ಸೋರಿದರೆ ಯಾರು ರಾತ್ರಿ ಎದ್ದು ಹೋಗಬೇಕು, ವಂತಿಗೆ ಕೊಡದವನಿಗೆ ಏನು ಹೇಳಬೇಕು. ಜಲಾನಯನ, ಸಹಭಾಗಿತ್ವ ಎಂದೆಲ್ಲ ವರದಿಗಳಲ್ಲಿ ಬರೆಯುತ್ತಾರಲ್ಲ, ಅದನ್ನು ವರದಿ ಓದದೆಯೇ ಮಾಡಿದವರು ಇಲ್ಲಿದ್ದಾರೆ. ಅವರನ್ನು ವೇದಿಕೆಯ ಮೇಲೆ ಕೂರಿಸಿ, ತಜ್ಞರನ್ನು ಎದುರಿಗೆ ಕೂರಿಸಬೇಕು.

ಜನ ನ್ಯಾಮಗೌಡರನ್ನು ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರಂಥ ನಾಯಕರನ್ನು ಬಾಗಲಕೋಟೆಯಲ್ಲಿ ಸೋಲಿಸಿ ಸಿದ್ದು ಅವರನ್ನೇ ದಿಲ್ಲಿಗೆ ಕಳಿಸಿದರು, ಸಿದ್ದು ಕೇಂದ್ರದಲ್ಲಿ ಮಂತ್ರಿಯೂ ಆದರು. ಒಂದು ಬ್ಯಾರೇಜು ಮತವಾಗಿ ಮಾತಾಡಿದ್ದನ್ನು ರಾಜಕೀಯದವರು ಚೆನ್ನಾಗಿ ನೆನಪಿಟ್ಟಿದ್ದಾರೆ, ಎಂಜಿನಿಯರಿಂಗ್ ಕಾಲೇಜುಗಳು ಅಷ್ಟಾಗಿ ನೆನಪಿಟ್ಟಿಲ್ಲ. ಇದು ನನಗೆ ಬೇಸರದ ಸಂಗತಿ.

ಆದರೆ ಗೆದ್ದ ಕತೆಯೊಂದನ್ನೇ ತೋರಿಸಿ ಕಳಿಸಿದರೆ ಸಮ್ಮೇಳನ ಜಾತ್ರೆಯಾಗುತ್ತದೆ. ಅದಕ್ಕೇ ಎರಡನೆಯ ದಿನ ಮುಧೋಳ ಸೀಮೆಯ ಹೊಲಗಳಿಗೆ ಹೋಗಬೇಕು. ಘಟಪ್ರಭೆಗೆ ಹಿಡಕಲ್‌ನಲ್ಲಿ ಅಣೆಕಟ್ಟಾಗಿ, ಎಡದಂಡೆ ಕಾಲುವೆಯ ನೀರು ಈ ಎರೆ ಭೂಮಿಗೆ ಬಂದಾಗ ಜೋಳ ಹಿಂದೆ ಸರಿದು ಕಬ್ಬು ಮುಂದೆ ಬಂತು. ಸಕ್ಕರೆ ಕಾರ್ಖಾನೆಗಳು ಎದ್ದವು, ಮನೆಗಳಿಗೆ ಆರ್‌ಸಿಸಿ ಬಿತ್ತು, ಮಕ್ಕಳು ಕಾಲೇಜಿಗೆ ಹೋದರು. ಎರೆ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಬಿಟ್ಟುಕೊಡುವುದಿಲ್ಲ. ವರ್ಷವಿಡೀ ಮಡಿ ತುಂಬ ನೀರು ಹಾಯಿಸಿದಾಗ ನೆಲದೊಳಗಿನ ನೀರಿನ ಮಟ್ಟ ಮೇಲೇರಿತು. ಏರುವಾಗ ಒಳಗಿದ್ದ ಲವಣವನ್ನೂ ಹೊತ್ತು ತಂದಿತು. ಬಿಸಿಲಿಗೆ ನೀರು ಆವಿಯಾಯಿತು, ಉಪ್ಪು ಮಾತ್ರ ಮೇಲೆಯೇ ಉಳಿಯಿತು. ಇದೇ ನಮ್ಮ ಸವಳು-ಜವಳು. ಬದುವಿನ ಮೇಲೆ ನಿಂತಿದ್ದ ಹಿರಿಯರೊಬ್ಬರನ್ನು “ಏನಾತು ಕಾಕಾ?” ಎಂದು ಕೇಳಿದೆ. “ತಮ್ಮಾ, ನೀರಿಲ್ಲದಾಗ ಜ್ವಾಳಾ ಬೆಳದು ಉಂಡ್ವಿ. ಕಾಲುವಿ ಬಂತು, ಕಬ್ಬು ಹಚ್ಚಿದ್ವಿ, ನಾಕು ದುಡ್ಡು ಕಂಡ್ವಿ. ಈಗ ನೋಡು, ಹೊಲಾನ ಬೆಳ್ಳಗಾಗೇತಿ” ಎಂದರು.

ಇದಕ್ಕೆ ಮದ್ದಿಲ್ಲವೆಂದಲ್ಲ. ನೆಲದಡಿಯಲ್ಲಿ ತೂತಿನ ಪೈಪು ಹೂಳಿ ಹೆಚ್ಚಿನ ನೀರನ್ನು ಬಸಿಯಬೇಕು. ಬಸಿಗಾಲುವೆಯನ್ನು ಹಳ್ಳದವರೆಗೆ ಒಯ್ಯಬೇಕು. ಕ್ಷಾರ ಹೆಚ್ಚಿದ್ದರೆ ಜಿಪ್ಸಮ್ ಹಾಕಬೇಕು, ಹನಿ ನೀರಾವರಿಗೆ ಬರಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೂ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯಾದ ವಾಲ್ಮಿಗೂ ಇದೆಲ್ಲ ಗೊತ್ತು. ತೊಡಕಿರುವುದು ಹೊಲಗಳ ಗಡಿಯಲ್ಲಿ. ನನ್ನ ಹೊಲದಿಂದ ಬಸಿದ ನೀರು ಕೆಳಗಿನವನ ಹೊಲಕ್ಕೆ ಹೋದರೆ ನನ್ನ ರೋಗ ಅವನಿಗೆ ಅಂಟುತ್ತದೆ. ಒಬ್ಬನೇ ಮಾಡುವ ಕೆಲಸ ಇದಲ್ಲ, ಹಳ್ಳದವರೆಗಿನ ಎಲ್ಲರೂ ಒಪ್ಪಬೇಕು. ಹೊಳೆಗೆ ಬ್ಯಾರೇಜು ಕಟ್ಟಲು ಒಂದಾದ ಸೀಮೆಯ ಜನ ಬಸಿಗಾಲುವೆ ತೋಡಲು ಯಾಕೆ ಒಂದಾಗುತ್ತಿಲ್ಲ? ನನಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲಿ ಕಾಣುವುದಿಲ್ಲ. ಸಮ್ಮೇಳನ ಇದೊಂದನ್ನೇ ಹಿಡಿದು ಎರಡು ದಿನ ಕೂತರೂ ಸಾರ್ಥಕ.

ಬೀಳಗಿಗೆ ಹೋಗದೆ ಯಾವ ನೀರಾವರಿ ತಜ್ಞನೂ ಹಿಂದಿರುಗಬಾರದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಈ ತಾಲೂಕಿನ ಫಲವತ್ತಾದ ದಂಡೆಯ ಹೊಲಗಳನ್ನೂ ಹಳ್ಳಿಗಳನ್ನೂ ನುಂಗಿದೆ. ಜಲಾಶಯ ಈಗ 519.60 ಮೀಟರಿಗೆ ನಿಂತಿದೆ, ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿನವರೆಗೆ ಒಪ್ಪಿಗೆ ಕೊಟ್ಟಿದೆ. ಕಾಗದದ ಮೇಲೆ ಆ ನಾಲ್ಕೂವರೆ ಮೀಟರು ಒಂದು ಸಣ್ಣ ಗೀಟು. ಪುನರ್ವಸತಿ ಕೇಂದ್ರದ ಕಟ್ಟೆಯ ಮೇಲೆ ಕೂತವರನ್ನು ಕೇಳಿದರೆ ಅದು ಊರು, ಗುಡಿ, ಹಿರಿಯರ ಗೋರಿ, ಬಾವಿ. ಮೇಲಿನ ಸೀಮೆಗಳಿಗೆ ನೀರು ಹೋಗಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮಟ್ಟ ಏರಿಸುವ ನಕ್ಷೆ ಬರೆಯುವವರು ಈ ಕಟ್ಟೆಯ ಮೇಲೆ ಒಂದು ಸಂಜೆ ಕೂರಲೇಬೇಕು.

ರಬಕವಿ-ಬನಹಟ್ಟಿಯಲ್ಲಿ ಹಿಪ್ಪರಗಿ ಬ್ಯಾರೇಜು ನೋಡಬಹುದು. ಅದಕ್ಕಿಂತ ಹೆಚ್ಚಾಗಿ ಓಣಿಗಳಲ್ಲಿ ಮಗ್ಗದ ಸದ್ದು ಕೇಳಬೇಕು. ನೇಕಾರರ ಕಷ್ಟ ಬೇರೆಯೇ, ಅದಕ್ಕೆ ಜವಳಿ ತಂತ್ರಜ್ಞರ ಪ್ರತ್ಯೇಕ ಸಮ್ಮೇಳನವೇ ಆಗಬೇಕು. ಸದ್ಯಕ್ಕೆ ಪ್ರತಿನಿಧಿಗಳ ಹೆಗಲಚೀಲ ಅಲ್ಲಿಯೇ ನೇಯ್ದ ಬಟ್ಟೆಯದ್ದಾಗಲಿ.

ಎಲ್ಲಿ ಇಳಿಸುತ್ತೀರಿ, ಹೇಗೆ ಬರುವುದು ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ಬಾಗಲಕೋಟೆ-ಕುಡಚಿ ರೈಲುಮಾರ್ಗಕ್ಕಾಗಿ ಈ ಭಾಗದ ಜನ ವರ್ಷಗಟ್ಟಲೆ ಹೋರಾಡಿದ್ದಾರೆ, ಕೆಲಸ ಇನ್ನೂ ಮುಗಿದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ನಿಧಾನವಾಗಿಯೇ ಬರಬೇಕು. ಆದರೆ ಕಾಲೇಜುಗಳಿವೆ, ಕಲ್ಯಾಣ ಮಂಟಪಗಳಿವೆ, ಮಠಗಳಿವೆ, ಮನೆಗಳಿವೆ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಹಾಲಿಂಗಪುರದ ಬೆಲ್ಲ ಹಾಕಿದ ಮಾದೇಲಿ ಬಡಿಸುವ ಕೈಗಳಿಗೆ ಕೊರತೆಯಿಲ್ಲ. 1937ರಲ್ಲಿ ಸಾಧ್ಯವಾದದ್ದು ಈಗ ಯಾಕಾಗದು?

ತಿಂಗಳನ್ನೂ ನಾನೇ ಹೇಳಿಬಿಡುತ್ತೇನೆ. ಮಾಗಿಯಲ್ಲಿ ಬೇಡ. ಆಗ ಹೊಳೆ ತುಂಬಿರುತ್ತದೆ, ಹವೆ ಹಿತವಾಗಿರುತ್ತದೆ, ಎಲ್ಲವೂ ಸರಿಯಿದೆ ಎನ್ನಿಸುತ್ತದೆ. ನಿಜ ಕಾಣುವುದು ಬೇಸಿಗೆಯಲ್ಲಿ. 2019ರ ಬೇಸಿಗೆಯಲ್ಲಿ ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ನೀರು ಬಿಡಿಸಿ ಎಂದು ಇದೇ ಕೃಷ್ಣಾ ತೀರದ ಜನ ಬೇಡಿಕೊಂಡಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ಜನ ಪ್ರವಾಹಕ್ಕೆ ಮನೆ ಬಿಟ್ಟು ಗಂಜಿ ಕೇಂದ್ರ ಸೇರಿದರು. ಆದ್ದರಿಂದ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ವಾಲ್ಮಿ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಮೂರೂ ಕೂಡಿ ಸಮ್ಮೇಳನವನ್ನು ಏಪ್ರಿಲ್‌ನಲ್ಲಿ ಜಮಖಂಡಿಯಲ್ಲಿ ಕರೆಯಲಿ, ಗೋಷ್ಠಿಗಳು ಕನ್ನಡದಲ್ಲೇ ನಡೆಯಲಿ, ಪ್ರತಿ ಗೋಷ್ಠಿಯಲ್ಲೂ ಒಬ್ಬ ರೈತನಿಗೆ ಮೊದಲ ಮಾತು ಸಿಗಲಿ. ಬರುವವರು ಗಟ್ಟಿ ಚಪ್ಪಲಿ ಹಾಕಿಕೊಂಡು ಬರಲಿ, ಎರೆ ಹೊಲದಲ್ಲಿ ನಡೆಯುವುದು ಬಹಳವಿದೆ.