ತಮ್ಮನ ಬಂಡಿ

ನನ್ನ ತಮ್ಮನು ಕಾಲವಾದ ಮೇಲೆ ಅವನ 1998ರ ಮಾರುತಿ ಜಿಪ್ಸಿಯು ಎರಡು ಮಳೆಗಾಲ ನಿಂತಲ್ಲಿಯೇ ನಿಂತಿತ್ತು. ಅದನ್ನು ಪುನಃ ರಸ್ತೆಗಿಳಿಸಬೇಕೆಂದು ಅವನ ಮಗನು ಹಟ ಹಿಡಿದನು. ಹುಡುಗನ ಬಯಕೆಯೆಂದರೆ 235/75 ಆರ್ 15 ಅಳತೆಯ ದಪ್ಪ ಟೈರು, ಅಗಲವಾದ ಅಲಾಯ್ ಗಾಲಿ, ಬಂಡಿಯನ್ನು ಎತ್ತರಿಸುವ ಸ್ಪ್ರಿಂಗು.

ಪಂಚಾಂಗದ ಗಣಿತ ಬಲ್ಲವನಿಗೆ ಟೈರಿನ ಗಣಿತವು ಕಷ್ಟವಲ್ಲ. ಮೊದಲಿದ್ದ 205/70 ಆರ್ 15ರ ವ್ಯಾಸವು 668 ಮಿಲಿಮೀಟರು. ಹುಡುಗನು ಮೆಚ್ಚಿದುದು ಸುಮಾರು 733. ಮಾಪಕವು 60 ತೋರುವಾಗ ಬಂಡಿಯು 66ರ ವೇಗದಲ್ಲಿರುವುದು! ಗಾಲಿಯ ಭಾರ ಹೆಚ್ಚಿದಷ್ಟೂ ಬ್ರೇಕಿಗೆ ಶ್ರಮ; ಏರಿನಲ್ಲಿ ಎಂಜಿನ್ನು ಸೋಲುವುದು. ಮೇಲಾಗಿ ಈ ಬಂಡಿಯಲ್ಲಿ ಮುಂದಣ ಹಿಂದಣ ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಇದ್ದು ನಾಲ್ಕು ಚಕ್ರಗಳಿಗೂ ಬಲ ಹಾಯಿಸಿದರೆ ಗೇರುಗಳು ಒಂದಕ್ಕೊಂದು ಬಿಗಿದು ನರಳುವುವು. ಆದಕಾರಣ ನಾಲ್ಕನ್ನೂ ಒಮ್ಮೆಗೇ, ಒಂದೇ ಅಳತೆಯಲ್ಲಿ ಕೊಳ್ಳಬೇಕು.

ಹುಡುಗನು ಎಲ್ಲವನ್ನೂ ವಿನಯದಿಂದ ಕೇಳಿದನು, ಒಪ್ಪಲಿಲ್ಲ. ಆಗ ಅವನ ತಾಯಿಯು ಬಾಗಿಲ ಬಳಿಯಿಂದ, "ಭಾವನವರೆ, ಈಗಲೇ ಹತ್ತುವಾಗ ಮಂಡಿ ಕೈಕೊಡುತ್ತದೆ. ಇನ್ನೂ ಎತ್ತರವಾದರೆ ನಾನು ಅದರಲ್ಲಿ ಕೂರುವುದು ಹೇಗೆ?" ಎಂದಳು.

ಹಳೆಯ ಅಳತೆಯ ಉಕ್ಕಿನ ಗಾಲಿಗಳೇ ಉಳಿದುವು. ಸ್ಪ್ರಿಂಗಿನ ವಿಷಯದಲ್ಲಿ ನಾನೂ ಸೋತೆನು. ಕುಗ್ಗಿದ್ದ ಪಟ್ಟಿಗಳನ್ನು ತೆಗೆಸಿ ಪ್ಯಾರಾಬೋಲಿಕ್ ಪಟ್ಟಿಗಳನ್ನು ಹಾಕಿಸಿದೆವು. ಅವುಗಳಲ್ಲಿ ಪಟ್ಟಿಗಳ ಸಂಖ್ಯೆ ಕಡಮೆ, ಪರಸ್ಪರ ತಿಕ್ಕಾಟ ಕಡಮೆ, ಕುಲುಕೂ ಕಡಮೆ, ಬೆಲೆಯೊಂದೇ ಹೆಚ್ಚು.

ತಮ್ಮನ ಶ್ರಾದ್ಧದಂದು ಮೂವರೂ ಅದರಲ್ಲಿಯೇ ಹೊಳೆಯ ತೀರಕ್ಕೆ ಹೋದೆವು. ದಾರಿಯಲ್ಲಿ ಆಕೆ ಒಮ್ಮೆಯೂ ನಿಲ್ಲಿಸೆನ್ನಲಿಲ್ಲ.