ರೋಮಾಪುರಿಯಲ್ಲಿ ನಲವತ್ತೆರಡು ದಿನ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಪೆನ್‌ಷನ್ ಪಡೆದು ಮನೆಯಲ್ಲಿರುವ ಗೃಹಸ್ಥನೊಬ್ಬನು ಅರವತ್ತೆರಡನೆಯ ವಯಸ್ಸಿನಲ್ಲಿ ಲ್ಯಾಟಿನ್ ಭಾಷೆಯನ್ನು ಕಲಿಯುವುದಕ್ಕಾಗಿ ರೋಮಾಪುರಿಗೆ ಹೊರಟು ನಿಂತಾಗ, ಆ ಗಾದೆ ಎಲ್ಲರ ಮುಖದಲ್ಲಿಯೂ ಬರೆದಂತೆ ಕಾಣುತ್ತಿದ್ದಿತು. "ಪಾಠ ಎಷ್ಟು ದಿನವಂತೆ?" ಎಂದು ನಮ್ಮ ಮನೆಯವರು ಕೇಳಿದರು. "ಆರು ವಾರ" ಎಂದೆವು. "ಅಂದರೆ ನಲವತ್ತೆರಡು ದಿನ" ಎಂದು ಅವರು ತಿದ್ದಿದರು. ಕಾಲವನ್ನು ವಾರಗಳಲ್ಲಾಗಲಿ ವರ್ಷಗಳಲ್ಲಾಗಲಿ ಹೇಳಿ ಮುಗಿಸುವುದು ಅವರಿಗೆ ಒಗ್ಗದು; ದಿನದ ಲೆಕ್ಕವೇ ಅವರಿಗೆ ಲೆಕ್ಕ.

ಈ ಹುಚ್ಚನ್ನು ನಮಗೆ ಹಿಡಿಸಿದವನು ನಮ್ಮ ಅಕ್ಕನ ಮಗ. ಅವನು ಇತಿಹಾಸದ ವಿದ್ಯಾರ್ಥಿ. ಕ್ರಿ. ಶ. ಒಂದನೆಯ ಶತಮಾನದಲ್ಲಿದ್ದ ಹಿರಿಯ ಪ್ಲಿನಿ ಎಂಬ ರೋಮನ್ ವಿದ್ವಾಂಸನು ಮೂವತ್ತೇಳು ಭಾಗಗಳ ನಿಸರ್ಗಚರಿತ್ರೆಯೊಂದನ್ನು ಬರೆದಿದ್ದಾನೆ. ಹಿಂದೂದೇಶದ ಪಶ್ಚಿಮ ಕರಾವಳಿಗೆ ಬರುವ ಹಡಗುಗಳಿಗೆ ನಿತ್ರಿಯಾಸ್ ಎಂಬ ಸ್ಥಳದ ಕಡಲುಗಳ್ಳರ ಭಯವುಂಟೆಂದು ಅದರ ಆರನೆಯ ಭಾಗದಲ್ಲಿ ಹೇಳಿದೆ. ಆ ನಿತ್ರಿಯಾಸ್ ಎಂಬುದು ನೇತ್ರಾವತಿಯ ತೀರದ ನಮ್ಮ ಮಂಗಳೂರೇ ಇರಬಹುದೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ಇದನ್ನು ಭಾಷಾಂತರದ ಹಂಗಿಲ್ಲದೆ ಮೂಲದಲ್ಲಿಯೇ ಓದಬೇಕೆಂಬುದು ಹುಡುಗನ ಹಟ. ಅವನನ್ನು ನೋಡಿ ನಮಗೂ ಆಸೆಯಾಯಿತು. ಸಂಸ್ಕೃತದಲ್ಲಿ ನಮಗೆ ಅಲ್ಪಸ್ವಲ್ಪ ಪರಿಚಯವಿದ್ದುದರಿಂದ, ಒಂದು ವ್ಯಾಕರಣದ ಪುಸ್ತಕವನ್ನು ತರಿಸಿ, ಎರಡು ವರ್ಷ ಮನೆಯಲ್ಲಿಯೇ ಕುಳಿತು ಓದಿದೆವು. ಬಹಳ ಕಲಿತೆವೆಂದೂ ನಂಬಿದೆವು.

ಬೇಸಿಗೆಯ ರಜದಲ್ಲಿ ಬೇರೆಲ್ಲ ಕೆಲಸವನ್ನೂ ಬಿಟ್ಟು ಒಂದೇ ಭಾಷೆಯಲ್ಲಿ ಮುಳುಗಿ ಕಲಿಯುವ ಪದ್ಧತಿ ಪಶ್ಚಿಮದೇಶಗಳಲ್ಲಿ ಚೆನ್ನಾಗಿ ಬೇರೂರಿದೆ. ನ್ಯೂಯಾರ್ಕ್ ನಗರದಲ್ಲಿ ೧೯೭೩ರಲ್ಲಿ ಇಂಥ ಒಂದು ಸಂಸ್ಥೆ ಹುಟ್ಟಿತು. ಕಾಲೇಜುಗಳಲ್ಲಿ ಎರಡು ವರ್ಷಕ್ಕೂ ಮಿಗಿಲಾಗಿ ಹಿಡಿಯುವ ಪಾಠವನ್ನು ಅಲ್ಲಿ ಒಂದೇ ಬೇಸಿಗೆಯಲ್ಲಿ ಹೇಳಿ ಮುಗಿಸುತ್ತಿದ್ದರು. ರೋಮಿನಲ್ಲಿ ಈ ಕೆಲಸಕ್ಕೆ ಹೆಸರಾದವರು ರೆಜಿನಲ್ಡ್ ಫಾಸ್ಟರ್ ಎಂಬ ಪಾದ್ರಿಗಳು. ೧೯೩೯ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಹುಟ್ಟಿದ ಇವರು ನಲವತ್ತು ವರ್ಷಗಳ ಕಾಲ ವ್ಯಾಟಿಕನ್ನಿನಲ್ಲಿ ಪೋಪರ ಲ್ಯಾಟಿನ್ ಪತ್ರಗಳನ್ನು ಬರೆಯುವ ಕೆಲಸದಲ್ಲಿದ್ದರು. ೧೯೮೫ರಲ್ಲಿ ಇವರು ಆರಂಭಿಸಿದ ಬೇಸಿಗೆಯ ಶಾಲೆಗೆ ಶುಲ್ಕವೇ ಇರಲಿಲ್ಲ. ತರಗತಿಗಳಿಗೆ ಇವರು ಇಟ್ಟಿದ್ದ ಹೆಸರು 'ಅನುಭವ' ಎಂದು: ಮೊದಲನೆಯ ಅನುಭವ, ಎರಡನೆಯ ಅನುಭವ, ಹೀಗೆ. ಮನೆಪಾಠಕ್ಕೆ ಇಟ್ಟಿದ್ದ ಹೆಸರು 'ಮನೆಯ ಆಟ'. ಲ್ಯಾಟಿನ್ನಿನಲ್ಲಿ 'ಲೂದುಸ್' ಎಂಬ ಒಂದೇ ಪದಕ್ಕೆ ಆಟವೆಂದೂ ಪಾಠಶಾಲೆಯೆಂದೂ ಎರಡರ್ಥ. ಪಾಠವಾದ ಮೇಲೆ ಸಂಜೆ ಮರಗಳ ಕೆಳಗೆ ಕುಳಿತು ಶಿಷ್ಯರೊಡನೆ ಓದುತ್ತಿದ್ದರಂತೆ. ಅವರು ೨೦೨೦ರ ಡಿಸೆಂಬರಿನಲ್ಲಿ ಗತಿಸಿದರು. ಅವರ ಶಿಷ್ಯರೂ ಪ್ರಶಿಷ್ಯರೂ ಈ ಪದ್ಧತಿಯನ್ನು ಹಲವೆಡೆ ಮುಂದುವರಿಸಿದ್ದಾರೆ.

ನಾವು ಸೇರಿದುದು ಇಂಥದೇ ಒಂದು ಚಿಕ್ಕ ಶಾಲೆ. ಅದರಲ್ಲಿ ಮೂರು ಮೆಟ್ಟಿಲುಗಳು. ಏನೂ ಅರಿಯದವರಿಗೆ ಮೊದಲನೆಯದು. ವ್ಯಾಕರಣ ಬಲ್ಲವರು ಸುಲಭಗದ್ಯವನ್ನೋದುವುದು ಎರಡನೆಯದು. ಸಿಸೆರೊ, ವರ್ಜಿಲ್ ಮೊದಲಾದವರನ್ನು ನೇರವಾಗಿ ಓದಿ, ಲ್ಯಾಟಿನ್ನಿನಲ್ಲಿಯೇ ಚರ್ಚಿಸುವುದು ಮೂರನೆಯದು. ೨೦೨೩ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ ನಾವೂ ಸೋದರಳಿಯನೂ ರೋಮಿಗೆ ಹೋಗಿ ಇಳಿದೆವು. ಎರಡನೆಯ ಮೆಟ್ಟಿಲು ನಮಗೆ ಸಿಕ್ಕಿಯೇ ಸಿಕ್ಕುವುದೆಂಬ ವಿಶ್ವಾಸ ನಮ್ಮದಾಗಿದ್ದಿತು.

ಮೊದಲನೆಯ ದಿನ ಪರೀಕ್ಷೆ. ಹಿಂದೆಂದೂ ಓದದ ಒಂದು ಪುಟವನ್ನು ಕೈಗೆ ಕೊಟ್ಟು, ನಿಘಂಟನ್ನು ಕಿತ್ತುಕೊಂಡರು. ಆಮೇಲೆ ಅಧ್ಯಾಪಿನಿಯೊಬ್ಬರು ಕರೆದು, ನಗುನಗುತ್ತ ಲ್ಯಾಟಿನ್ನಿನಲ್ಲಿ ಏನನ್ನೋ ಕೇಳಿದರು. ಅವರು ಕೇಳಿದುದು ನಮ್ಮ ಹೆಸರನ್ನೂ ಊರನ್ನೂ ಎಂಬುದು ನಮಗೆ ತಿಳಿದದ್ದು ಆ ದಿನ ರಾತ್ರಿ. ಮರುದಿನ ಬಾಗಿಲಿಗೆ ಪಟ್ಟಿ ಅಂಟಿಸಿದ್ದರು. ಸೋದರಳಿಯನ ಹೆಸರು ಮೂರನೆಯ ಮೆಟ್ಟಿಲಿನಲ್ಲಿ. ನಮ್ಮದು ಮೊದಲನೆಯದರಲ್ಲಿ, ಮೀಸೆ ಚಿಗುರದ ಹುಡುಗರ ನಡುವೆ. ಅಧ್ಯಾಪಿನಿಗೆ ನಮ್ಮ ಕಿರಿಯ ಮಗಳಷ್ಟು ವಯಸ್ಸು.

ಪಾಠ ಬೆಳಗ್ಗೆ ಎಂಟೂವರೆಗೆ ಆರಂಭವಾಗಿ ಮಧ್ಯಾಹ್ನದವರೆಗೆ ನಡೆಯುತ್ತಿದ್ದಿತು, ಸಂಜೆ ಮತ್ತೆರಡು ಗಂಟೆ ಪುನರಾವೃತ್ತಿ, ರಾತ್ರಿ ಮನೆಪಾಠ. ಒಂದು ದಿನ ತಪ್ಪಿದರೆ ಕಾಲೇಜಿನಲ್ಲಿ ಒಂದು ವಾರ ತಪ್ಪಿದ ಹಾಗೆ. ಸಂಸ್ಕೃತ ಬಲ್ಲವರಿಗೆ ಇಲ್ಲಿ ನೆಂಟರ ಮನೆಗೆ ಬಂದಂತೆ ತೋರುತ್ತದೆ. ಪಿತೃವೆಂಬುದು ಪತೆರ್, ಮಾತೃವೆಂಬುದು ಮಾತೆರ್, ಅಗ್ನಿಯು ಇಗ್ನಿಸ್, ನಾಮವು ನೋಮೆನ್. ಸಪ್ತ, ಅಷ್ಟ, ನವ, ದಶ ಎಂಬುವು ಸೆಪ್ತೆಮ್, ಒಕ್ತೋ, ನೋವೆಮ್, ದೆಕೆಮ್. ಗೋಡೆಯ ಕ್ಯಾಲೆಂಡರಿನಲ್ಲಿ ಒಂಬತ್ತನೆಯದಾದ ಸೆಪ್ಟೆಂಬರಿಗೆ ಏಳೆಂಬ ಹೆಸರೇಕೆಂದು ನಮ್ಮ ಮಕ್ಕಳು ಹಿಂದೆ ಕೇಳಿದಾಗ ನಾವು ಉತ್ತರ ಕೊಟ್ಟಿರಲಿಲ್ಲ. ರೋಮನರ ಹಳೆಯ ವರ್ಷ ಮಾರ್ಚಿಯಲ್ಲಿ ಆರಂಭವಾಗುತ್ತಿದ್ದುದೇ ಅದಕ್ಕೆ ಕಾರಣ. ಐದನೆಯ, ಆರನೆಯ ತಿಂಗಳುಗಳೂ ಹೀಗೆಯೇ ಸಂಖ್ಯೆಯ ಹೆಸರುಗಳನ್ನು ಹೊತ್ತಿದ್ದುವು. ಆಮೇಲೆ ಜೂಲಿಯಸ್ ಸೀಸರನ ಮತ್ತು ಆಗಸ್ಟಸ್ ಚಕ್ರವರ್ತಿಯ ಗೌರವಾರ್ಥವಾಗಿ ಜುಲೈ, ಆಗಸ್ಟ್ ಆದುವು.

ಆದರೆ ನೆಂಟರ ಮನೆಯೆಂದು ಸಲಿಗೆಯಿಂದ ಒಳಗೆ ನುಗ್ಗಿದವನಿಗೆ ಹೊಸ್ತಿಲು ಎಡವುತ್ತದೆ. ಲ್ಯಾಟಿನ್ನಿಗೆ ದ್ವಿವಚನವಿಲ್ಲ. ವಿಭಕ್ತಿಗಳು ಆರೇ, ನಮ್ಮ ತೃತೀಯಾ, ಪಂಚಮೀ, ಸಪ್ತಮಿಗಳ ಕೆಲಸವನ್ನು ಬಹುಮಟ್ಟಿಗೆ ಒಂದೇ ವಿಭಕ್ತಿ ಹೊರುತ್ತದೆ. ಒಂದು ದಿನ 'ಒಳ್ಳೆಯ ನಾವಿಕ' ಎಂಬುದನ್ನು ಲ್ಯಾಟಿನ್ನಿನಲ್ಲಿ ಹೇಳಬೇಕಾಗಿ ಬಂದಿತು. ನಾವಿಕನಿಗೆ 'ನೌತಾ' ಎಂದು ಹೆಸರು. ಪದದ ಕೊನೆಯನ್ನು ಕಂಡು, ಇದು ನಮ್ಮ ಲತಾ, ಮಾಲಾಗಳಂತೆ ಸ್ತ್ರೀಲಿಂಗವೆಂದು ಬಗೆದು, ವಿಶೇಷಣವನ್ನೂ ಸ್ತ್ರೀಲಿಂಗದಲ್ಲಿಟ್ಟು ಗಟ್ಟಿಯಾಗಿ ಹೇಳಿಬಿಟ್ಟೆವು. ನಾವಿಕನು ಗಂಡಸೆಂಬುದು ಆ ಹುಡುಗರಿಗೆಲ್ಲ ತಿಳಿದಿದ್ದಿತು, ಎಲ್ಲರೂ ನಕ್ಕರು. ಅಧ್ಯಾಪಿನಿ ಮಾತ್ರ ನಗದೆ, "ನಿಮ್ಮ ಉಚ್ಚಾರ ಎಲ್ಲರಿಗಿಂತ ಚೆನ್ನಾಗಿದೆ" ಎಂದರು. ಪೆಟ್ಟಿಗಿಂತ ಈ ಸಮಾಧಾನವೇ ಹೆಚ್ಚು ನೋಯಿಸಿತು.

ಹತ್ತನೆಯ ದಿನ ಸಂಜೆ ಸೋದರಳಿಯನನ್ನು ಕರೆದು, ಟಿಕೆಟ್ಟನ್ನು ಹಿಂದಕ್ಕೆ ಬದಲಾಯಿಸಲಾದೀತೇ ಎಂದು ವಿಚಾರಿಸಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾನುವಾರ ನಮ್ಮನ್ನೆಲ್ಲ ಪ್ಯಾಂಥಿಯನ್ನಿಗೆ ಕರೆದುಕೊಂಡು ಹೋಗುತ್ತಾರೆ, ಮಾವ. ಅದೊಂದನ್ನು ನೋಡಿಕೊಂಡು ಆಮೇಲೆ ನೀವು ಹೇಳಿದಂತೆ ಮಾಡೋಣ" ಎಂದನು.

ರೋಮಿನ ಬೀದಿಗಳಲ್ಲಿ ಆ ಜುಲೈ ತಿಂಗಳು ಬಿಸಿಲಲ್ಲ, ಬೆಂಕಿ. ಹದಿನೆಂಟನೆಯ ತಾರೀಖು ಉಷ್ಣತೆ ನಲವತ್ತು ಡಿಗ್ರಿಯನ್ನೂ ದಾಟಿತು. ಪ್ರಾಣ ಉಳಿಸಿದ್ದು ಮೂಲೆಮೂಲೆಗೂ ಇರುವ ಎರಕದ ಕಬ್ಬಿಣದ ನಲ್ಲಿಕಂಬಗಳು. ೧೮೭೪ರಿಂದ ನಿಲ್ಲಿಸಿದ ಈ ಕಂಬಗಳ ಬಾಗಿದ ನಳಿಗೆಯನ್ನು ಕಂಡು ಊರವರು ಇವಕ್ಕೆ 'ದೊಡ್ಡ ಮೂಗು' ಎಂದು ಹೆಸರಿಟ್ಟಿದ್ದಾರೆ. ನೀರು ತಣ್ಣಗೆ, ನಿಲ್ಲದೆ ಸುರಿಯುತ್ತಿರುತ್ತದೆ. ದಾರಿಹೋಕರು ಬೊಗಸೆಯೊಡ್ಡಿ ಕುಡಿಯುತ್ತಾರೆ.

ಪ್ಯಾಂಥಿಯನ್ ಮಂದಿರದ ಒಳಗೆ ಹೋಗಲು ಆ ತಿಂಗಳೇ ಐದು ಯೂರೋ ಶುಲ್ಕ ಜಾರಿಗೆ ಬಂದಿದ್ದಿತು. ಹೊರಗೆ ಕಂಬಗಳ ಮೇಲಿನ ಶಾಸನಕ್ಕೆ ಶುಲ್ಕವಿಲ್ಲ. ಮೂರು ಮೆಟ್ಟಿಲಿನವರೂ ಒಟ್ಟಿಗೆ ನಿಂತು ಅದನ್ನು ಓದಿದೆವು: ಲೂಸಿಯಸನ ಮಗನಾದ ಮಾರ್ಕಸ್ ಅಗ್ರಿಪ್ಪನು ಮೂರನೆಯ ಬಾರಿ ಕಾನ್ಸಲ್ ಎಂಬ ಅಧಿಕಾರದಲ್ಲಿದ್ದಾಗ ಇದನ್ನು ಕಟ್ಟಿಸಿದನೆಂದು ಅದರ ತಾತ್ಪರ್ಯ. ಅಗ್ರಿಪ್ಪನ ಕಟ್ಟಡ ಬೆಂಕಿಯ ಪಾಲಾಯಿತು. ಈಗಿರುವುದು ಕ್ರಿ. ಶ. ಎರಡನೆಯ ಶತಮಾನದಲ್ಲಿ ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಪೂರ್ತಿಯಾದುದು. ಆದರೂ ಹಳಬನ ಹೆಸರನ್ನೇ ಉಳಿಸಿದ್ದಾರೆ.

ಅಲ್ಲಿ ಅಧ್ಯಾಪಿನಿ ಒಂದು ಕಥೆ ಹೇಳಿದರು. ಪಾಂಪೆ ಎಂಬ ಮಹಾಸೇನಾನಿ ಒಂದು ದೇವಾಲಯವನ್ನು ಕಟ್ಟಿಸಿ, ತಾನು 'ಮೂರನೆಯ ಬಾರಿ ಕಾನ್ಸಲ್' ಎಂದು ಅದರ ಮೇಲೆ ಕೆತ್ತಿಸಬೇಕೆಂದಿದ್ದನು. ಆದರೆ 'ಮೂರನೆಯ ಬಾರಿ' ಎಂಬುದಕ್ಕೆ 'ತೆರ್ತಿಯುಮ್' ಎನ್ನಬೇಕೋ 'ತೆರ್ತಿಯೋ' ಎನ್ನಬೇಕೋ ಅವನಿಗೆ ತಿಳಿಯದೆ ಹೋಯಿತು. ಊರಿನ ವಿದ್ವಾಂಸರನ್ನೆಲ್ಲ ಕೇಳಿಸಿದನು. ಅರ್ಧ ಜನ ಹೀಗೆ, ಅರ್ಧ ಜನ ಹಾಗೆ ಎಂದರು. ಕೊನೆಗೆ ಸಿಸೆರೊನನ್ನು ಕೇಳಿದನು. ಲ್ಯಾಟಿನ್ ಗದ್ಯಕ್ಕೇ ಗುರುವಾದ ಸಿಸೆರೊ, ಯಾರ ಮನಸ್ಸನ್ನೂ ನೋಯಿಸಲಿಚ್ಛಿಸದೆ, "ಪದದ ಮೊದಲಿನ ನಾಲ್ಕು ಅಕ್ಷರಗಳನ್ನಷ್ಟೇ ಕೆತ್ತಿಸು, ಕೊನೆಯನ್ನು ಬಿಟ್ಟುಬಿಡು" ಎಂಬ ಉಪಾಯವನ್ನು ಹೇಳಿಕೊಟ್ಟನಂತೆ. ಸಿಸೆರೊನ ಆಪ್ತನಾದ ತೀರೋ ಬರೆದಿದ್ದ ಈ ಸಂಗತಿಯನ್ನು ಆಲಸ್ ಗೆಲ್ಲಿಯಸ್ ಎಂಬವನು ತನ್ನ ಗ್ರಂಥದಲ್ಲಿ ಉಳಿಸಿದ್ದಾನೆ.

ಹುಡುಗರು ನಕ್ಕರು; ಈ ಸಲ ನಾವೂ ನಕ್ಕೆವು. ತಾಯಿಯ ಮಡಿಲಿನಲ್ಲಿ ಈ ಭಾಷೆಯನ್ನು ಕಲಿತವರಿಗೇ ಪದದ ಕೊನೆ ಸಂದೇಹವಾಗಿದ್ದ ಮೇಲೆ, ನಮ್ಮ ನಾವಿಕ ಹೆಂಗಸಾದುದಕ್ಕೆ ಊರು ಬಿಟ್ಟು ಓಡಬೇಕೇ? ಟಿಕೆಟ್ಟಿನ ಮಾತನ್ನು ನಾವು ಮತ್ತೆ ಎತ್ತಲಿಲ್ಲ. ಸೋದರಳಿಯನೂ ನೆನಪು ಮಾಡಲಿಲ್ಲ.

ನಾಲ್ಕನೆಯ ವಾರದಲ್ಲಿ ಮೊದಲನೆಯ ಮೆಟ್ಟಿಲಿನವರನ್ನು ಮಾತ್ರ ಡಯೋಕ್ಲೀಷಿಯನ್ ಚಕ್ರವರ್ತಿಯ ಸ್ನಾನಗೃಹಗಳಿಗೆ ಕರೆದೊಯ್ದರು. ದೊಡ್ಡ ರೈಲ್ವೆ ನಿಲ್ದಾಣಕ್ಕೆ ಸಮೀಪದಲ್ಲಿರುವ ಈ ಭಾರಿ ಕಟ್ಟಡಗಳು ಕ್ರಿ. ಶ. ೩೦೬ರ ಹೊತ್ತಿಗೆ ಮುಗಿದುವು. ಈಗ ಅಲ್ಲಿ ವಸ್ತುಸಂಗ್ರಹಾಲಯವಿದೆ. ಒಳಗೂ ಅಂಗಳದಲ್ಲಿಯೂ ಶಿಲಾಶಾಸನಗಳು ಸಾಲುಗಟ್ಟಿ ನಿಂತಿವೆ. "ಒಬ್ಬೊಬ್ಬರೂ ಒಂದೊಂದು ಕಲ್ಲನ್ನು ಆರಿಸಿಕೊಳ್ಳಿ. ಯಾರನ್ನೂ ಕೇಳದೆ ಓದಿ" ಎಂದು ಅಧ್ಯಾಪಿನಿ ಅಪ್ಪಣೆ ಮಾಡಿದರು.

ರೋಮನರ ಸಮಾಧಿಯ ಕಲ್ಲುಗಳಲ್ಲಿ ಪಾಂಡಿತ್ಯವಿಲ್ಲ. ಒಂದೇ ಬಗೆಯ ನಾಲ್ಕಾರು ಮಾತು. ಮೇಲೆ ಎರಡಕ್ಷರ: ಸತ್ತವರ ಆತ್ಮಗಳಿಗೆ ಎಂಬುದರ ಸಂಕ್ಷೇಪ. ಆಮೇಲೆ ಹೆಸರು. ಆಮೇಲೆ 'ವಿಕ್ಸಿತ್', ಎಂದರೆ ಬದುಕಿದ್ದನು ಅಥವಾ ಬದುಕಿದ್ದಳು. ಅದರ ಮುಂದೆ ಎಷ್ಟು ಕಾಲವೆಂಬ ಲೆಕ್ಕ. ಕೊನೆಯಲ್ಲಿ, ಕಲ್ಲು ನಿಲ್ಲಿಸಿದವರು ಯಾರೆಂಬುದು. ನಾವು ಆರಿಸಿದ್ದು ಮೊಣಕಾಲೆತ್ತರದ ಒಂದು ಚಿಕ್ಕ ಕಲ್ಲು. ಚಿಕ್ಕದಾದುದರಿಂದ ಸುಲಭವಾದೀತೆಂದೇ ಆರಿಸಿದೆವು. ಹೆಸರು ಹೆಣ್ಣುಮಗುವಿನದು. 'ವಿಕ್ಸಿತ್' ಎಂಬುದನ್ನು ಗುರುತಿಸಿದೆವು. ವರ್ಷಗಳ ಸಂಖ್ಯೆ ಒಂದು ಕೈಯ ಬೆರಳುಗಳನ್ನು ಮೀರಲಿಲ್ಲ. ಅದರ ಮುಂದೆ ತಿಂಗಳು. ತಿಂಗಳ ಮುಂದೆ, ಒಂದೊಂದಾಗಿ ಎಣಿಸಿದಂತೆ, ದಿನ. ಕೆಳಗೆ ತಂದೆ, ತಾಯಿ ಎಂಬ ಎರಡು ಪದಗಳು. ಪತೆರ್, ಮಾತೆರ್. ಇವಕ್ಕೆ ನಿಘಂಟು ಬೇಕಾಗಲಿಲ್ಲ.

ವಾಚಕರಲ್ಲಿ ಹೇಳದೆ ಇದ್ದ ಒಂದು ಮಾತನ್ನು ಇಲ್ಲಿ ಹೇಳಬೇಕಾಗಿದೆ. ನಮ್ಮ ಹಿರಿಯ ಮಗಳು ನಾಲ್ಕು ತುಂಬುವ ಮೊದಲೇ ಜ್ವರದಲ್ಲಿ ಹೋದಳು. ಮೂವತ್ತು ವರ್ಷಗಳ ಮೇಲಾಯಿತು. ಅವಳಿಗೆ ಎಷ್ಟು ವಯಸ್ಸಾಗಿತ್ತೆಂದು ಯಾರಾದರೂ ಕೇಳಿದರೆ ನಾವು 'ನಾಲ್ಕು' ಎಂದು ಹೇಳಿ ಸುಮ್ಮನಾಗುತ್ತೇವೆ. ನಮ್ಮ ಮನೆಯವರು ಇಂದಿಗೂ ಹಾಗೆನ್ನುವುದಿಲ್ಲ. "ಮೂರು ವರ್ಷ, ಹತ್ತು ತಿಂಗಳು, ಒಂಬತ್ತು ದಿನ" ಎನ್ನುತ್ತಾರೆ. ಇದೇನು ಲೆಕ್ಕವೆಂದು ಹಿಂದೊಮ್ಮೆ ನಾವು ಅವರ ಮೇಲೆ ರೇಗಿದ್ದೂ ಉಂಟು. ಆ ರೇಗಿದ ಮಾತು ಆ ಅಂಗಳದಲ್ಲಿ ನಮಗೆ ನೆನಪಿಗೆ ಬಂದಿತು.

ಅಧ್ಯಾಪಿನಿ ಬಂದು, "ಓದಿದಿರಾ?" ಎಂದರು. "ಓದಿದೆವು" ಎಂದೆವು. ಅರ್ಥವನ್ನು ಹೇಳಿಸಲಿಲ್ಲ; ನಮ್ಮ ಮುಖವನ್ನು ನೋಡಿ ಮುಂದಿನ ಕಲ್ಲಿಗೆ ಹೋದರು.

ಆ ರಾತ್ರಿ ಮನೆಗೆ ಟೆಲಿಫೋನು ಮಾಡಿ ಎಲ್ಲವನ್ನೂ ಹೇಳಿದೆವು. ನಮ್ಮ ಮನೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ದಿನವನ್ನೂ ಬರೆಸಿದ್ದಾರೆಯೇ?" ಎಂದು ಕೇಳಿದರು. "ಬರೆಸಿದ್ದಾರೆ." "ಎಣಿಸಿದವಳು ತಾಯಿಯೇ ಇರಬೇಕು" ಎಂದರು.

ಆರು ವಾರಗಳು ಮುಗಿದುವು. ಸೋದರಳಿಯನು ಪ್ಲಿನಿಯ ಆ ಭಾಗವನ್ನು ಮೂಲದಲ್ಲಿ ಓದಿ, ಮಂಗಳೂರಿನ ಕಡಲುಗಳ್ಳರನ್ನು ಕಂಡು ಹಿಗ್ಗಿದನು. ನಾವು ಮೊದಲನೆಯ ಮೆಟ್ಟಿಲಿನಲ್ಲಿ ತೇರ್ಗಡೆಯಾದೆವು, ಅಷ್ಟೆ. ಎರಡನೆಯದರ ಬಾಗಿಲು ಇನ್ನೂ ಮುಂದಿದೆ. ಆದರೆ ಇಂಥ ಪಾಠಕ್ಕೆ ಹೊರಡುವ ಹಿರಿಯರಿಗೆ ಎರಡು ಮಾತು ಹೇಳಬಲ್ಲೆವು. ಕೂರಿಸಿದ ಮೆಟ್ಟಿಲಿನಲ್ಲಿ ಕುಳಿತುಕೊಳ್ಳಿ. ಮೇಲಿನ ಮೆಟ್ಟಿಲಿನಲ್ಲಿದ್ದಿದ್ದರೆ ಆ ಚಿಕ್ಕ ಕಲ್ಲಿನ ಮುಂದೆ ನಮ್ಮನ್ನು ಯಾರೂ ನಿಲ್ಲಿಸುತ್ತಿರಲಿಲ್ಲ. ಸತ್ತ ಭಾಷೆಯೆಂದು ಯಾರಾದರೂ ಹೀಗಳೆದರೆ ವಾದಕ್ಕೆ ನಿಲ್ಲಬೇಡಿ. ಸತ್ತವರಿಗಾಗಿ ಅತ್ತವರ ಮಾತು ಅದರಲ್ಲಿ ಇನ್ನೂ ಇದೆ.

ಮನೆಗೆ ಬಂದು ಚೀಲವನ್ನಿಳಿಸಿ, "ನಲವತ್ತೆರಡು ದಿನ ಮುಗಿಯಿತು" ಎಂದೆವು. "ಹೋಗಿಬರುವ ದಾರಿಯೂ ಸೇರಿ ನಲವತ್ತನಾಲ್ಕು" ಎಂದು ನಮ್ಮ ಮನೆಯವರು ತಿದ್ದಿದರು. ಈ ಸಲ ನಾವು ಮರುಮಾತಾಡದೆ ಆ ಲೆಕ್ಕವನ್ನು ಒಪ್ಪಿಕೊಂಡೆವು.